ಗೀಟಿಲ್ಲದ ಐದು ತಿರುವುಗಳು

ಬುಧವಾರ, ಬೆಳಗಿನ ಮೊದಲ ಪಾಠ ಮುಗಿಸಿ

ಮಾಜಿ ಎಂದು ಬರೆಯಲು ಕಾನೂನು ಬಿಡದ, ಹಾಲಿ ಎಂದು ಬರೆಯಲು ನನ್ನ ಪೆನ್ನು ಒಪ್ಪದ ಯಜಮಾನರಿಗೆ,

ನಾನು ಕ್ಷೇಮ. ನಿಮ್ಮ ಸಮಾಚಾರ ತಿಂಗಳಿಗೊಮ್ಮೆ ಮಗಳ ಬಾಯಿಂದ ಬರುತ್ತಲೇ ಇರುತ್ತದೆ, ಹಾಗಾಗಿ ಕೇಳುವುದಿಲ್ಲ. ಮನೆ ಬಿಟ್ಟು ಬಂದ ಇಪ್ಪತ್ತು ವರ್ಷದಲ್ಲಿ ಇದು ನಿಮಗೆ ನನ್ನ ಮೊದಲ ಕಾಗದ. ನಿಂತು ಓದಬೇಡಿ, ಕೂತು ಓದಿ.

ಕಾರು ಮಾರಿಕೊಡಲು ನೀವು ಗೊತ್ತುಮಾಡಿದ ದಲ್ಲಾಳಿ ಕಳಿಸಿದ ಲಕೋಟೆ ತಲುಪಿದೆ. ಒಳಗೆ ಒಂದು ಪ್ರಮಾಣಪತ್ರ. ಮೂವತ್ತೈದು ವರ್ಷದ ಹಿಂದೆ ಗುಡ್ಡದ ರೇಸಿನಲ್ಲಿ ಈ ಕೆಂಪು, ಎರಡು ಸೀಟಿನ ಕಾರನ್ನು ಮೊದಲಿನಿಂದ ಕೊನೆಯವರೆಗೆ ಮಾಲೀಕರೇ ಓಡಿಸಿ ಗೆದ್ದರೆಂದೂ, ನಾನು ಪಕ್ಕದಲ್ಲಿ ಕೂತು ದಾರಿ ಓದಿದ ಸಹಾಯಕಿಯೆಂದೂ, ಇದೆಲ್ಲ ಕಣ್ಣಾರೆ ಕಂಡ ಸತ್ಯವೆಂದೂ ಟೈಪ್ ಮಾಡಿಸಿದ್ದಾರೆ. ನನ್ನ ರುಜುವಿನ ಜಾಗದಲ್ಲಿ ಪೆನ್ಸಿಲಿನಿಂದ ಇಂಟು ಗುರುತು ಬೇರೆ. ಆಮೇಲೆ ಫೋನು ಮಾಡಿ, "ಒಂದ್ ಸೈನ್ ಅಷ್ಟೇ ಮೇಡಂ. ಹಳೇ ಕಾರು ಕೂಡಿಡೋ ದೊಡ್ಡ ಗಿರಾಕಿ ಕಾಯ್ತಾ ಇದ್ದಾರೆ. ರೇಸ್ ಗೆದ್ದಿದ್ದಕ್ಕೆ ಸಾಕ್ಷಿ ಇದ್ರೆ ಬೆಲೆ ದುಪ್ಪಟ್ಟು" ಎಂದರು.

ನಿಜ ಹೇಳುತ್ತೇನೆ, ರುಜು ಹಾಕಿಬಿಡೋಣ ಅನ್ನಿಸಿತ್ತು. ಮೊಣಕಾಲು ಮಡಚಲಾಗದೆ ನೀವು ಆ ಕಾರಿನ, ನಮ್ಮ ಕೆಂಪಿಯ, ಒಳಗೆ ಇಳಿಯುವುದನ್ನೇ ಬಿಟ್ಟಿದ್ದೀರಿ, ಶೆಡ್ಡಿನಲ್ಲಿ ಅದಕ್ಕೆ ಹೊದಿಕೆ ಹೊದಿಸಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೀರಿ ಎಂದು ಮಗಳು ಹೇಳಿದ್ದಳು. ಪಾಪ ಅನ್ನಿಸಿತು. ಮೂರು ದಿನ ಆ ಕಾಗದ ನನ್ನ ಡ್ರೈವಿಂಗ್ ಸ್ಕೂಲಿನ ಮೇಜಿನ ಮೇಲೆ, ಸಿಗ್ನಲ್ ಗುರುತುಗಳ ಪಟದ ಕೆಳಗೆ ಇತ್ತು.

ನಾಲ್ಕನೇ ದಿನ ಲಕೋಟೆಯಲ್ಲಿದ್ದ ಉಳಿದ ಹಾಳೆಗಳನ್ನು ನೋಡಿದೆ. ಕಾರಿನ ಜೊತೆ ರೇಸಿನ ಅಸಲಿ ನೋಟ್‌ಬುಕ್ಕನ್ನೂ ಕೊಡುತ್ತೀರಂತೆ. ಅದರ ಜೆರಾಕ್ಸ್ ಇಟ್ಟಿದ್ದಾರೆ. ನನ್ನದೇ ಅಕ್ಷರ. ಎಡ ಮೂರು, ಬಲ ಎರಡು, ದಿಬ್ಬ, ಎಡ ಒಂದು. ಅಂಕೆ ಚಿಕ್ಕದಾದಷ್ಟೂ ತಿರುವು ಬಿಗಿ. ಒಂದೊಂದು ತಿರುವನ್ನೂ ಓದಿ ಹೇಳಿದ ಕೂಡಲೇ ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು, ಇಲ್ಲದಿದ್ದರೆ ಸಾಲು ತಪ್ಪುತ್ತದೆ. ಮೊದಲ ಹದಿನೆಂಟು ಪುಟದಲ್ಲಿ ನನ್ನ ಗೀಟುಗಳು ನೇರವಾಗಿ, ಸಣ್ಣದಾಗಿವೆ. ಕೊನೆಯ ಸುತ್ತಿನ ನಾಲ್ಕು ಪುಟದಲ್ಲಿ ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಎಡಗೈಯಲ್ಲಿ ಎಳೆದ, ಹಾಳೆ ಹರಿಯುವಷ್ಟು ಒತ್ತಿದ ಗೀಟುಗಳು. ಓದುವವರು ಯಾರೋ ಗೀಟು ಎಳೆಯುವವರೂ ಅವರೇ. ಯಜಮಾನರೇ, ಸುಳ್ಳಿಗೆ ಸಾಕ್ಷಿ ಎಂದು ನೀವು ಕಳಿಸಿರುವುದು ನಿಜದ ಸಾಕ್ಷಿಯನ್ನು.

ಹೇಳಿ ಹೇಳಿ ನಿಮಗೆ ಸುಳ್ಳೇ ರೂಢಿಯಾಗಿರಬಹುದು, ಅದಕ್ಕೆ ನಡೆದದ್ದನ್ನು ಒಮ್ಮೆ ಬರೆದುಬಿಡುತ್ತೇನೆ. ಕೊನೆಯ ಸುತ್ತಿಗೆ ಒಂದು ಗಂಟೆ ಇರುವಾಗ ಜಾಕ್ ಜಾರಿ ನಿಮ್ಮ ಬಲಗೈ ಮಣಿಕಟ್ಟು ಮುರಿಯಿತು. ಹೆಸರು ಕೊಟ್ಟವರೇ ಓಡಿಸಬೇಕೆಂಬುದು ನಿಯಮ. ಪೆಟ್ರೋಲ್ ಬಂಕಿನ ಹಿಂದೆ ನಿಂತು ಹೆಲ್ಮೆಟ್ಟು, ಜಾಕೀಟು ಬದಲಾಯಿಸಿಕೊಂಡೆವು. ಸ್ಟಿಯರಿಂಗ್ ನಾನು ಹಿಡಿದೆ, ನೋಟ್‌ಬುಕ್ ನೀವು. ಆ ಧೂಳಿನಲ್ಲಿ ಯಾರು ಯಾರಿಗೆ ಕಂಡಾರು? ಗೆರೆ ದಾಟಿ, ಜನ ಕಾಣದ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಸೀಟು ಬದಲಾಯಿಸಿದೆವು. ಮರುದಿನದ ಪೇಪರಿನಲ್ಲಿ "ಎಡಗೈಯಲ್ಲೇ ಕಪ್ ಎತ್ತಿದ ಸರದಾರ" ಎಂದು ನಿಮ್ಮ ಫೋಟೋ ಬಂತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಗ ಅದು ನಮ್ಮಿಬ್ಬರ ಗುಟ್ಟು. ನಾನೂ ಪಾಲುದಾರಳೇ, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಹದಿನೈದು ವರ್ಷದ ಮೇಲೆ ನಿಮಗೆ ಸನ್ಮಾನ ಮಾಡಿದರಲ್ಲ, ಅವತ್ತು ಮೈಕು ಹಿಡಿದು ಏನು ಹೇಳಿದಿರಿ? "ನಮ್ಮ ಮನೆಯವ್ಳು ಪಾಪ, ಕೊನೇ ತಿರುವುಗಳಲ್ಲಿ ಕಣ್ಣು ಮುಚ್ಕೊಂಡು ಕೂತಿದ್ಲು." ಸಭೆಯೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಹನ್ನೊಂದು ವರ್ಷದ ಮಗಳು ನನ್ನ ಸೆರಗು ಜಗ್ಗಿ, "ಅಮ್ಮಾ, ನಿಂಗೆ ಅಷ್ಟೊಂದ್ ಭಯಾನಾ?" ಎಂದು ಕೇಳಿದಳು. ಕೈ ಕೆಸರು ನನ್ನದು, ಬಾಯಿ ಮೊಸರು ನಿಮ್ಮದು. ಹೋಗಲಿ ಎಂದು ಅದನ್ನು ಬಿಟ್ಟಿದ್ದೆ. ಮಗಳ ಎದುರಿಗೆ ನನ್ನನ್ನು ಪುಕ್ಕಲಿ ಮಾಡಿದ್ದನ್ನು ಬಿಡಲಾಗಲಿಲ್ಲ. ನಾನು ಮನೆ ಬಿಟ್ಟದ್ದಕ್ಕೆ ಊರವರು ಏನೇನೋ ಕಾರಣ ಕಟ್ಟಿದರು. ಕಾರಣ ಆ ಒಂದು ವಾಕ್ಯ.

ಅಂದಿನಿಂದ ಜನರಿಗೆ ಕಾರು ಕಲಿಸುತ್ತಿದ್ದೇನೆ. ಕ್ಲಚ್ ಬಿಡಲು ಹೆದರಿ ಅಳುವವರು, ಲಾರಿ ಕಂಡರೆ ಸ್ಟಿಯರಿಂಗ್ ಬಿಟ್ಟು ಕೈ ಮುಗಿಯುವವರು, ಎಲ್ಲರನ್ನೂ ರಸ್ತೆಗೆ ಬಿಟ್ಟಿದ್ದೇನೆ. ಪಕ್ಕದ ಸೀಟಿನಲ್ಲಿ, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತು ಕೂತು ನನ್ನ ಎಡ ಸೊಂಟ ಹಿಡಿದುಕೊಂಡಿದೆ. ಇನ್ನು ಸಾಕು. ನನಗೆ ಸ್ಟಿಯರಿಂಗ್ ಬೇಕು.

ಆದ್ದರಿಂದ ರುಜು ಹಾಕುವುದಿಲ್ಲ. ಕೆಂಪಿಯನ್ನು ನಾನೇ ಕೊಳ್ಳುತ್ತೇನೆ.

ಮಗಳಿಗೆ ಹೋದ ವಾರ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಆದರೂ ವಿಮೆಯವರಿಗಾಗಿ ದಿನಾ ಜಖಂ ಕಾರುಗಳನ್ನು ಪರೀಕ್ಷಿಸುವವಳಲ್ಲವೇ, ನಿಮ್ಮ ಶೆಡ್ಡಿಗೆ ಬಂದು ಕಾರಿನ ಕೆಳಗೆ ನುಸುಳಿದ್ದು ನನಗಾಗಿಯೇ. "ಬೇಡಮ್ಮ, ಈ ಕಾರಿನ ಜಾತಕಾನೇ ಸರಿ ಇಲ್ಲ. ಎಂಜಿನ್ ನಂಬರಿಗೂ ಆರ್.ಸಿ. ಪುಸ್ತಕದ ನಂಬರಿಗೂ ತಾಳೆ ಇಲ್ಲ, ಬೇರೆ ಕಾರಿಂದು ತಂದು ಕೂರಿಸಿದ್ದಾರೆ. ಮುಂದಿನ ಚಾಸಿ ಒಂದ್ಸಲ ಬಗ್ಗಿದೆ. ನಿಜ ಬರೆದ್ರೆ ಗೆದ್ದಿದ್ದೂ ಸುಳ್ಳಾಗುತ್ತೆ. ನಾಳೆ ಮಾರಿದ್ರೆ ಯಾರೂ ಮೂಸಲ್ಲ" ಎಂದಳು. ಕೆಳಗಿನ ಮನೆಯವರಂತೂ ಅರವತ್ತಕ್ಕೆ ಅರಳು ಮರಳು ಎಂದು ನನಗೆ ಕೇಳುವ ಹಾಗೆಯೇ ಆಡಿಕೊಂಡರು. ಕೇಳಲಿ ಎಂದೇ ಆಡಿದ್ದು, ನಾನೂ ಕೇಳಿಸಿಕೊಂಡೆ.

ಮಾರುವವಳಿಗೆ ತಾನೇ ಆ ಚಿಂತೆ? ನಾನು ಓಡಿಸುವವಳು. ಎಂಜಿನ್ ಬೇರೆಯದಾದರೂ ಹತ್ತಿಸಿದರೆ ಹತ್ತುತ್ತದೆ. ಚಾಸಿ ಬಗ್ಗಿದ್ದರೆ ನೇರವೂ ಮಾಡಿದ್ದಾರೆ. ನನ್ನ ಸೊಂಟಕ್ಕೆ ಅಷ್ಟೂ ಆಗಿಲ್ಲ.

ನನ್ನ ಕರಾರು ಕೇಳಿ. ಕಥೆಯಿಲ್ಲದ ಹಳೆಯ ಕಾರಿಗೆ ಎಷ್ಟು ಬೆಲೆಯೋ ಅಷ್ಟು ಕೊಡುತ್ತೇನೆ. ಕಥೆಗೆ ಒಂದು ಕಾಸೂ ಕೊಡುವುದಿಲ್ಲ, ಅದು ಮೊದಲೇ ನನ್ನದು. ಕಾರಿನ ಚರಿತ್ರೆ ಬರೆದಿಡುವ ಪುಸ್ತಕದಲ್ಲಿ, ಕೊನೆಯ ಸುತ್ತು ಓಡಿಸಿದವಳು ನಾನು, ನಿಯಮ ಮುರಿದವರು ನಾವಿಬ್ಬರೂ ಎಂದು ನನ್ನ ಕೈಯಾರೆ ಬರೆಯುತ್ತೇನೆ. ಬೆಳ್ಳಿ ಕಪ್ ಅನ್ನೂ ಕಾರಿನ ಜೊತೆ ಕೊಡಿ. ಅಂದು ಎರಡನೆಯವರಾಗಿ ಬಂದ ಅಣ್ಣತಮ್ಮಂದಿರಲ್ಲಿ ತಮ್ಮ ಇನ್ನೂ ಇದ್ದಾರಂತೆ, ಅವರಿಗೆ ತಲುಪಿಸಬೇಕು. ನನ್ನ ಗೆಲುವೂ ಅದರ ಜೊತೆಗೇ ಹೋಗುತ್ತದೆ ಎಂದು ಗೊತ್ತು. ಸಂಕಟವಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಹೆಸರಿನಲ್ಲಿ ಉಳಿಯುವುದಕ್ಕಿಂತ ನನ್ನ ಹೆಸರಿನಲ್ಲಿ ಅಳಿಯಲಿ. ಒಪ್ಪದಿದ್ದರೆ ಆ ಗಿರಾಕಿಗೇ ಮಾರಿಕೊಳ್ಳಿ. ಅವರು ನನ್ನನ್ನು ಕೇಳಿದರೆ ಉತ್ತರ ಹೇಳಲು ನನಗೆ ಬಾಯಿದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಮಗಳ ಜೊತೆ ಬರುತ್ತೇನೆ. ಬ್ಯಾಟರಿ ಚಾರ್ಜ್ ಮಾಡಿಸಿಡಿ. ಕೀಲಿ ಕೊಟ್ಟರೆ ನೇರ ಗುಡ್ಡಕ್ಕೆ ಹೋಗುತ್ತೇನೆ. ಮಗಳು ಸ್ಕೂಲಿನ ಕಾರಿನಲ್ಲಿ ಹಿಂದೆ ಬರುತ್ತಾಳೆ, ಹಾಗಾಗಿ ಕೆಂಪಿಯ ಪಕ್ಕದ ಸೀಟು ಖಾಲಿ. ಬರುವುದಾದರೆ ಓದುವ ಕನ್ನಡಕ ತನ್ನಿ, ನೋಟ್‌ಬುಕ್ ತನ್ನಿ. ಮೊಣಕಾಲಿಗೆ ಜಾಗವಾಗಲೆಂದು ಸೀಟು ಹಿಂದಕ್ಕೆ ಸರಿಸಿರುತ್ತೇನೆ. ಒಂದು ಮಾತ್ರ ನೆನಪಿರಲಿ, ಕೆಂಪಿಗೆ ಆ ಕಡೆ ಬ್ರೇಕ್ ಇಲ್ಲ.

ಇತಿ,
ಸಹಾಯಕಿ ಅಲ್ಲ, ಚಾಲಕಿ

ಮ.ವಿ.: ಕೊನೆಯ ಪುಟದ ಕೊನೆಯ ಐದು ತಿರುವುಗಳ ಮುಂದೆ ಗೀಟೇ ಇಲ್ಲ, ಗಮನಿಸಿದಿರಾ? ಅಲ್ಲಿ ನಿಮ್ಮ ದನಿ ನಿಂತುಹೋಗಿತ್ತು. ಕೈ ನೋವೇನೋ ಎಂದು ಒಂದು ಕ್ಷಣ ಪಕ್ಕಕ್ಕೆ ನೋಡಿದೆ. ಧೂಳಿನ ಕನ್ನಡಕದ ಹಿಂದೆ ನೀವು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಿರಿ. ಆ ಐದನ್ನೂ ನೆನಪಿನಿಂದಲೇ ತಿರುಗಿಸಿದೆ. ಇದನ್ನು ಸನ್ಮಾನದ ದಿನವೂ ಯಾರಿಗೂ ಹೇಳಲಿಲ್ಲ, ಹೋದ ವಾರ ಮಗಳಿಗೂ ಹೇಳಲಿಲ್ಲ. ಪುಸ್ತಕದಲ್ಲೂ ಬರೆಯುವುದಿಲ್ಲ. ಭಾನುವಾರ ಬಂದರೆ ಕಣ್ಣು ಬಿಟ್ಟುಕೊಂಡು ಕೂರಿ. ಆ ಐದನೇ ತಿರುವಿನಿಂದ ಕೆಳಗೆ ಇಡೀ ಊರು ಕಾಣುತ್ತದೆ. ಅವತ್ತು ನೀವು ನೋಡಲೇ ಇಲ್ಲ.