ಹತ್ತೂವರೆಗೆ ಎದ್ದ ಹಿಟ್ಟು

ಚಾಮರಾಜಪೇಟೆ, ಬೆಂಗಳೂರು
2241, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ, ಶನಿವಾರ

ಸಿಂಚನಾ ಅವರಿಗೆ,

ಮೇಲಿನ ತಾರೀಖು ನಿಮಗೆ ಅಸಾಧ್ಯವೆನಿಸಬಹುದು. ನಮ್ಮ ವರ್ಷಕ್ಕೆ ಎರಡು ಬೇಸಿಗೆಗಳಿವೆ. ತಿಂಗಳುಗಳನ್ನು ಬಿಟ್ಟು ಬಹಳ ಕಾಲವಾಯಿತು. ವಾರಗಳನ್ನು ಮಾತ್ರ ಉಳಿಸಿಕೊಂಡಿದ್ದೇವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸಬೇಕು. ನಿಮ್ಮ ಕಾಲದಲ್ಲಿ ಇಲ್ಲದಿದ್ದ ವಸ್ತುಗಳಿಗೆ ನಮ್ಮ ಹೆಸರುಗಳನ್ನೇ ಬಳಸಿ, ಅವು ಬಂದಲ್ಲೇ ವಿವರಿಸುತ್ತೇನೆ.

ನೀವು ಇನ್ನೂರಹದಿನೈದು ವರ್ಷಗಳ ಹಿಂದೆ ಊರವರೆಲ್ಲ ಓದುವ ಜಾಲತಾಣವೊಂದರಲ್ಲಿ ಹೀಗೆ ಕೇಳಿದ್ದಿರಿ: "ನಾಳೆ ಭಾನುವಾರ ಬ್ರಂಚ್‌ಗೆ ಎಲ್ಲಿ ಹೋಗ್ಬೋದು? ಆರು ಜನ ಇದೀವಿ. ಒಬ್ರು ಈರುಳ್ಳಿ ತಿನ್ನಲ್ಲ." ಅದರ ಕೆಳಗೆ ನಲವತ್ತಮೂರು ಉತ್ತರಗಳಿವೆ. ಮೊದಲ ಹತ್ತು ಮಂದಿ ಹತ್ತು ಹೋಟೆಲುಗಳ ಹೆಸರು ಹೇಳಿದ್ದಾರೆ. ಹನ್ನೊಂದನೆಯವರು "ಅಲ್ಲಿ ಸಾಂಬಾರು ಸಿಹಿ ಗುರು, ಪಾಯಸ ಕುಡ್ದಂಗಿರುತ್ತೆ" ಎಂದಿದ್ದಾರೆ. ಅಲ್ಲಿಂದಾಚೆಗೆ ಎಲ್ಲರೂ ಸಾಂಬಾರಿನ ಬಗ್ಗೆಯೇ ಜಗಳವಾಡಿದ್ದಾರೆ. ನೀವು ಕೊನೆಗೆ ಎಲ್ಲಿಗೆ ಹೋದಿರೆಂಬುದು ದಾಖಲಾಗಿಲ್ಲ.

ಈ ಪುಟವನ್ನು ಮೊದಲು ಓದಿದಾಗ ನಮಗೆ ಅರ್ಥವಾಗದೆ ಹೋದದ್ದು ಸಾಂಬಾರಲ್ಲ, ಪ್ರಶ್ನೆ. ತಿನ್ನುವುದಕ್ಕೆ ಎಲ್ಲಿಗಾದರೂ ಹೋಗುವುದೆಂದರೇನು? ನನ್ನ ಮುತ್ತಜ್ಜಿಯ ಕಾಲದಲ್ಲಿ ಉಸಿರುಜ್ವರವೆಂಬ ಕಾಯಿಲೆ ನಗರವನ್ನು ಅರ್ಧ ಖಾಲಿ ಮಾಡಿತು. ಉಳಿದವರು ಭಯದಲ್ಲಿ ಮಾಡಿಕೊಂಡ ಕಟ್ಟಳೆಗಳು ಭಯ ಹೋದ ಮೇಲೂ ಉಳಿದವು. ಕಟ್ಟಡಗಳೊಳಗಿನ ಗಾಳಿಯನ್ನು ಸೋಸಲಾಗುತ್ತಿತ್ತು. ಧಾನ್ಯವನ್ನು ಕಾಯಿಸಿ ಶುದ್ಧಮಾಡಿ ಕೊಡಲಾಗುತ್ತಿತ್ತು. ಬೆಳಿಗ್ಗೆ ಎದ್ದೊಡನೆ ಕೈಗಳನ್ನು ಒಂದು ದ್ರವದಲ್ಲಿ ಅದ್ದಿ ತೆಗೆದರೆ ಮೊಣಕೈವರೆಗೆ ತೆಳುವಾದ ಪದರವೊಂದು ಒಣಗಿ ಕೂರುತ್ತಿತ್ತು. ಅದಕ್ಕೆ ಕೈಪೊರೆ ಎಂದು ಹೆಸರು. ಮಲಗುವ ಮುನ್ನ ಅದನ್ನು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದು ಬಿಸಾಡುತ್ತಿದ್ದೆವು. ಊಟ ಗೋಡೆಯಿಂದ ಬರುತ್ತಿತ್ತು: ಏಳಕ್ಕೆ, ಒಂದಕ್ಕೆ, ಎಂಟಕ್ಕೆ ಗೋಡೆಯ ಖಾನೆ ತೆರೆದು ಒಬ್ಬರಿಗೆ ಒಂದು ತಟ್ಟೆ ಕೊಡುತ್ತಿತ್ತು. ಗಂಡ ಹೆಂಡತಿಯ ಖಾನೆಗಳು ಎದುರುಬದುರು ಗೋಡೆಗಳಲ್ಲಿದ್ದುದರಿಂದ ಇಬ್ಬರೂ ಬೆನ್ನು ಹಾಕಿಕೊಂಡೇ ಉಣ್ಣುತ್ತಿದ್ದರು. ಅದರಲ್ಲಿ ಏನಾದರೂ ತಪ್ಪಿದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ನಾನು ಗಾಳಿನೋಟಗಾರ, ಅಂದರೆ ಕಟ್ಟಡಗಳೊಳಗಿನ ಗಾಳಿಯನ್ನು ಅಳೆದು, ಕಟ್ಟಳೆ ಮೀರಿದ್ದನ್ನು ಬರೆದಿಡುವವನು. ಹತ್ತು ವರ್ಷಗಳ ಹಿಂದೆ ಮೂರನೇ ಅಡ್ಡರಸ್ತೆಯ ಬ್ಯಾಟರಿ ದಾಸ್ತಾನಿನ ಕಾವಲಿನವರಾಗಿದ್ದ ಅಕ್ಕಯ್ಯಮ್ಮನವರಿಗೆ ನಿಮ್ಮ ಪ್ರಶ್ನೆಯನ್ನು ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು.

"ಆರು ಜನಾನೂ ಒಟ್ಟಿಗೇ ಹೋಗೋರಾ? ಹಂಗಾದ್ರೆ ನಂಗೂ ಹೋಗ್ಬೇಕು" ಎಂದರು.

"ಎಲ್ಲಿಗಮ್ಮ ಹೋಗೋದು? ಅಂಥ ಜಾಗವೇ ಇಲ್ಲವಲ್ಲ."

"ಇಲ್ದಿದ್ರೆ ನಾನೇ ಮಾಡ್ತೀನಿ. ನೀವೆಲ್ಲ ಬನ್ನಿ."

ವಾರ್ಡ್ ಸಮಿತಿ ಅವರಿಗೆ ದಾಸ್ತಾನಿನ ಒಂದು ಮೂಲೆಯನ್ನೂ ಒಂದು ವರ್ಷದ ಗಡುವನ್ನೂ ಕೊಟ್ಟಿತು. ಅರ್ಜಿಯಲ್ಲಿ ಬರೆದಂತೆ ಹಿಟ್ಟು ತಾನಾಗಿ ಹುದುಗಿ, ಅದರಿಂದ ದೋಸೆಯಾಗಬೇಕು. ಆಗದಿದ್ದರೆ ಮೂಲೆ ಮತ್ತೆ ಬ್ಯಾಟರಿಗಳಿಗೆ, ಮತ್ತು ನಮ್ಮ ವಾರ್ಡಿನಲ್ಲಿ ಇನ್ನು ಯಾರೂ ಇಂಥ ಅರ್ಜಿ ಹಾಕುವಂತಿಲ್ಲ.

ಹಿಟ್ಟು ಏಳಲಿಲ್ಲ. ನಮ್ಮಲ್ಲಿ ನಿಮ್ಮ ಕಾಲದ ಒಂದು ವಿಡಿಯೊ ಇತ್ತು: ಹೋಟೆಲಿನ ಅಡುಗೆಯವರೊಬ್ಬರು ದೊಡ್ಡ ಪಾತ್ರೆಯಲ್ಲಿ ಹಿಟ್ಟಿಗೆ ಉಪ್ಪು ಹಾಕಿ ಕಲಸುತ್ತಾರೆ, ಅಷ್ಟೇ. ಅದರಲ್ಲಿ ಕಂಡದ್ದನ್ನೆಲ್ಲ ನಾವು ಅಳೆದೆವು. ಪಾತ್ರೆಯ ಬಾಯಿಯ ಅಗಲ, ಹಿಟ್ಟಿನ ಮಂದ, ಮೇಲೆ ಮುಚ್ಚಿದ ಬಟ್ಟೆಯ ನೇಯ್ಗೆ, ಅವರು ಎಷ್ಟು ಸುತ್ತು ಕಲಸಿದರೆಂಬುದು ಸಹ. ಇಪ್ಪತ್ತಾರು ಸುತ್ತು. ಅಕ್ಕಯ್ಯಮ್ಮನವರೂ ಇಪ್ಪತ್ತಾರು ಸುತ್ತೇ ಕಲಸಿದರು. ಭಾನುವಾರ ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟಲ್ಲೇ ಇರುತ್ತಿತ್ತು.

ಬ್ಯಾಟರಿ ರಿಪೇರಿಯ ಮುನಿಶಾಮಿ ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. "ಏನಮ್ಮೋ, ಹಿಟ್ಟಿಗೆ ಎಚ್ಚರ ಆಗೈತಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದ. ಹೆಂಚಿನಿಂದ ತೆಗೆದದ್ದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ತಿನ್ನಕ್ಕಾ, ಕಿಟಕಿಗೆ ಅಂಟಿಸಕ್ಕಾ?" ಎನ್ನುತ್ತಿದ್ದ.

"ತಿಂದು ಹೇಳು."

"ತಿಂತೀನಿ ಬಿಡಮ್ಮ. ಗೋಡೆ ಜೊತೆ ಊಟ ಮಾಡೋದಕ್ಕಿಂತ ನಿನ್ ಹತ್ರ ಬೈಸ್ಕೊಂಡು ತಿನ್ನೋದೇ ವಾಸಿ."

ಗಡುವಿಗೆ ಒಂದು ವಾರವಿದ್ದಾಗ ವಿಡಿಯೊವನ್ನು ಮತ್ತೆ ಹಾಕಿದೆವು. ಮುನಿಶಾಮಿ ಎದ್ದು ಪರದೆಯ ಹತ್ತಿರ ಹೋದ. "ಅಲ್ಲಾ, ಈ ಮನ್ಷನ ಕೈ ನೋಡ್ರಿ. ಕೂದ್ಲು ಕಾಣ್ತೈತೆ. ಈವಯ್ಯ ಪೊರೆನೇ ಹಾಕಿಲ್ಲ!"

ಒಂದು ವರ್ಷದಲ್ಲಿ ಆ ದೃಶ್ಯವನ್ನು ನಾನು ಇನ್ನೂರು ಸಲ ನೋಡಿರಬೇಕು. ಸುತ್ತುಗಳನ್ನು ಎಣಿಸಿದ್ದೆ, ಸುತ್ತುತ್ತಿದ್ದ ಕೈಯನ್ನು ನೋಡಿರಲಿಲ್ಲ.

ಶನಿವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಅಕ್ಕಯ್ಯಮ್ಮನವರು ಬಲಗೈಯ ಪೊರೆಯನ್ನು ಸುಲಿದರು. ಪರರ ಬರಿಗೈ ನೋಡುವುದು ನಮ್ಮಲ್ಲಿ ಸಭ್ಯತೆಯಲ್ಲ. ಎಲ್ಲರೂ ಮುಖ ತಿರುಗಿಸಿದೆವು. ಬರಿಗೈಯಿಂದ ಆಹಾರ ಮುಟ್ಟುವುದು ಕಟ್ಟಳೆಗೆ ವಿರುದ್ಧ, ಅದನ್ನು ಬರೆಯುವುದು ನನ್ನ ಕೆಲಸ. ನಾನು ಪುಸ್ತಕ ತೆರೆಯಲಾರದೆ ನಿಂತದ್ದನ್ನು ಅವರು ಕಂಡರು.

"ಬರ್ಕೊಳ್ಳಿ ಸ್ವಾಮಿ, ಕಂಡಿದ್ದನ್ನ ಬರ್ಕೊಳ್ಳಿ. ನಾಳೆ ಎದ್ರೆ ಅದನ್ನೂ ಬರೀರಿ" ಎಂದು ಮಣಿಕಟ್ಟಿನವರೆಗೆ ಕೈಯನ್ನು ಹಿಟ್ಟಿನೊಳಗೆ ಇಳಿಸಿದರು. ಒಂದು ಸುತ್ತು ಕಲಸಿ, "ತಣ್ಣಗೈತೆ ಕಣ್ರೀ. ಒಂದು ವರ್ಷ ಕಲಸಿದೀನಿ, ಹಿಟ್ಟು ತಣ್ಣಗಿರ್ತದೆ ಅಂತ್ಲೇ ಗೊತ್ತಿರ್ಲಿಲ್ಲ" ಎಂದರು.

ಭಾನುವಾರ ಏಳು ಗಂಟೆಗೆ ಹಿಟ್ಟು ಇಟ್ಟಲ್ಲೇ ಇತ್ತು. ಗಡುವು ಅಂದೇ ಮುಗಿಯುತ್ತಿದ್ದುದರಿಂದ ಎಂಟಕ್ಕೆ ಸಮಿತಿಯ ಅಧ್ಯಕ್ಷೆ ದೇವೀರಮ್ಮನವರು ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಸುದ್ದಿ ಹರಡಿ ನಲವತ್ತೊಂದು ಜನ ಗೋಡೆಯ ತಟ್ಟೆಯನ್ನು ಮುಟ್ಟದೆ ಬಂದು ಸಾಲಾಗಿ ನಿಂತಿದ್ದರು. ಹಸಿವೆಂಬುದು ಹಲವರಿಗೆ ಹೊಸದು. ಒಬ್ಬರ ಹೊಟ್ಟೆ ಗೊರಗುಟ್ಟಿದರೆ ಪಕ್ಕದವರು ನಗುತ್ತಿದ್ದರು. ಒಂಬತ್ತಾಯಿತು, ಹತ್ತಾಯಿತು. ದೇವೀರಮ್ಮನವರು ಎದ್ದು ನಿಂತರು.

"ಇನ್ನೊಂದ್ ಅರ್ಧ ಗಂಟೆ ಕೂತ್ಕೊಳಮ್ಮ. ಮಲಗಿದ್ದೋರು ಎದ್ದು ಮುಖ ತೊಳೀಬೇಕಲ್ಲ" ಎಂದ ಮುನಿಶಾಮಿ. ಅವರು ನಗಲಿಲ್ಲ, ಆದರೆ ಕುಳಿತರು.

ಹತ್ತೂವರೆಗೆ ನನ್ನ ಮಾಪಕ ಕೂಗಿತು. ಇಪ್ಪತ್ತು ವರ್ಷಗಳ ಕೆಲಸದಲ್ಲಿ ಅದು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಂಪಾಗಿ 'ಅಶುದ್ಧ' ಎಂದು ತೋರಿಸುತ್ತಿತ್ತು. ಎಲ್ಲರೂ ತಿರುಗಿ ನೋಡಿದರೆ, ಪಾತ್ರೆಯ ಮೇಲಿನ ಬಟ್ಟೆ ಗುಡ್ಡದಂತೆ ಮೇಲೆದ್ದಿತ್ತು. ಅಂಚಿನಿಂದ ಹಿಟ್ಟು ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಳಿ ಪರಿಮಳ ಬಾಗಿಲ ತನಕ ಬಂತು.

ಅಂದು ನಾನು ಬರೆದ ವರದಿ ಪೂರ್ತಿ ಇಷ್ಟು: "ಬರಿಗೈಯಿಂದ ಕಲಸಿದ್ದು ಕಂಡೆ. ಗಾಳಿ ಅಶುದ್ಧ. ಹಿಟ್ಟು ಎದ್ದಿದೆ. ನಾನೂ ತಿಂದೆ."

ದೇವೀರಮ್ಮನವರು ಅದನ್ನು ಓದಿ ಅಕ್ಕಯ್ಯಮ್ಮನವರ ಕೈಯನ್ನು ನೋಡಿದರು. ಮುಖ ತಿರುಗಿಸದೆ ನೋಡಿದರು. ಎದುರಿನ ದೋಸೆಯನ್ನು ಮುರಿಯಲು ಹೋದರೆ ಪೊರೆಯ ಬೆರಳು ಜಾರಿತು. ಮತ್ತೆ ಜಾರಿತು. ಆಮೇಲೆ ಅವರು ತಮ್ಮ ಬಲಗೈಯ ಪೊರೆಯನ್ನು ಸುಲಿದು ತಟ್ಟೆಯ ಪಕ್ಕಕ್ಕಿಟ್ಟರು. ದೋಸೆ ಮುರಿದ ಸದ್ದು ಸಾಲಿನ ಕೊನೆಯವರಿಗೂ ಕೇಳಿಸಿತು.

"ಇನ್ನೊಂದು ಹಾಕಿ. ಪಲ್ಯದಲ್ಲಿ ಈರುಳ್ಳಿ ಬೇಡ" ಎಂದರು.

ಯಾರಿಗೂ ಜ್ವರ ಬರಲಿಲ್ಲ. ಎರಡು ಬೇಸಿಗೆ ಕಾದು ನೋಡಿ ಸಮಿತಿ ಕಟ್ಟಳೆಯನ್ನೇ ತೆಗೆದುಹಾಕಿತು. ಈಗ ನಮ್ಮ ಬೀದಿಯಲ್ಲಿ ಭಾನುವಾರ ಏಳರ ತಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಸೋಸುಗಾಳಿಯ ತಂಪಿನಲ್ಲಿ ಹಿಟ್ಟು ಏಳುವುದು ಹತ್ತೂವರೆಗೇ. ಹಾಗಾಗಿ ನಿಮ್ಮ ಬ್ರಂಚಿನ ಹೊತ್ತಿಗೇ ನಾವೂ ಬಂದು ತಲುಪಿದ್ದೇವೆ.

ಇಷ್ಟಾದರೂ ಈ ಒಂಬತ್ತು ವರ್ಷ ನಾನು ನಿಮಗೆ ಬರೆಯಲಿಲ್ಲ. ಜಾಗ ಒಂದೇ ಇದ್ದಾಗ ನಿಮ್ಮ ಪ್ರಶ್ನೆಯನ್ನು ಕೇಳುವಂತಿರಲಿಲ್ಲ. ಹೋದ ವಾರ ಮುನಿಶಾಮಿ ಐದನೇ ಅಡ್ಡರಸ್ತೆಯಲ್ಲಿ ತನ್ನದೇ ಹೆಂಚು ಇಟ್ಟಿದ್ದಾನೆ. ಅವನ ಸಾಂಬಾರು ಸಿಹಿಯೆಂದು ಅಕ್ಕಯ್ಯಮ್ಮನವರು ರುಚಿ ನೋಡದೆಯೇ ಹೇಳುತ್ತಿದ್ದಾರೆ. ಬೀದಿ ಎರಡು ಪಾಲಾಗಿದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಕಾಲದವರು ಯಾರಾದರೂ ಹಿಟ್ಟು ಕಲಸುವುದನ್ನು ಚಿತ್ರಿಸುವುದಾದರೆ, ಕೈಯನ್ನು ಹತ್ತಿರದಿಂದ ತೋರಿಸಲು ಹೇಳಿ.

ನಾಳೆ ಭಾನುವಾರ. ನಾವು ಆರು ಜನ ಇದ್ದೇವೆ. ದೇವೀರಮ್ಮನವರು ಈರುಳ್ಳಿ ತಿನ್ನುವುದಿಲ್ಲ. ಎಲ್ಲಿಗೆ ಹೋಗುವುದೆಂದು ಬೆಳಗಿನಿಂದ ಜಗಳವಾಡುತ್ತಿದ್ದೇವೆ, ಇನ್ನೂ ತೀರ್ಮಾನವಾಗಿಲ್ಲ.

ಇಂತಿ,
ಮೂರನೇ ಅಡ್ಡರಸ್ತೆಯ ಗಾಳಿನೋಟಗಾರ