ಬೆರಳಿಟ್ಟು ಓದಿದ ಸಾಲು

ಜೂನ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿಂತುಕೊಂಡು ಓದಬೇಡ, ಮೊದಲು ಎಲ್ಲಾದರೂ ಕೂತುಕೋ. ಕೂತೆಯಾ? ಹಾಗಾದರೆ ಕೇಳು: ನಾನು ಪಾಸು! ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನನ್ನನ್ನು ಮಕಾಡೆ ಮಲಗಿಸಿದ್ದ ಆ ಓದಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ ಈ ಸಲ ಐವತ್ತಕ್ಕೆ ನಲವತ್ತಾರು. ಹೋದ ಸಲ ಹತ್ತೊಂಬತ್ತು ಬಂದದ್ದು ನಿನಗೂ ನೆನಪಿರಬೇಕು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನಿನಲ್ಲಿ ಯಾರ ಮಾತನ್ನು ಯಾರು ಪೂರ್ತಿ ಕೇಳಿದ್ದಾರೆ ಹೇಳು? ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೂರನೇ ಸಲವೂ ಹೋಗಿದ್ದರೆ ಮತ್ತೆ ಬರೆಯಲು ಬಿಡುತ್ತಿರಲಿಲ್ಲ. ಅಪ್ಪ ಆಗಲೇ ಕಟಿಂಗ್ ಶಾಪಿನ ಬಾಗಿಲ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿಟ್ಟಿದ್ದರು. ಓದು ತಲೆಗೆ ಹತ್ತದಿದ್ದರೆ ಬೇರೆಯವರ ತಲೆ ನೋಡಿಕೊಂಡಿರು ಅಂತ ನಗುತ್ತಲೇ ಹೇಳಿದ್ದರು. ನಾನೂ ನಕ್ಕಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ನನಗೆ ಓದಲು ಬರುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಟ್ಯೂಷನ್ ಮೇಡಂ ಮಾತ್ರ ನನ್ನ ತಪ್ಪು ಉತ್ತರಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದಾಗಿ ನೋಡಿದರು. ಒಂದು ಪ್ಯಾರಾ ಹಳೆಯ ಸೇತುವೆಯೊಂದರ ಬಗ್ಗೆ ಇತ್ತು. ಸೇತುವೆ ಕೆಡವಬೇಕು ಅಂತ ಊರಿನವರು ಹೇಳುತ್ತಾರೆ ಅನ್ನುವುದು ಮೊದಲ ಸಾಲು. ಲೇಖಕನ ಅಭಿಪ್ರಾಯವೇನು ಎಂಬ ಪ್ರಶ್ನೆಗೆ ನಾನು, ಕೆಡವಬೇಕು ಅಂತ ಗುರುತು ಹಾಕಿದ್ದೆ. ಅವನೋ ಕೊನೆಯ ಸಾಲಿನಲ್ಲಿ, ದುರಸ್ತಿ ಮಾಡಿದರೆ ಸಾಕು ಅಂತ ಬರೆದು ತನ್ನ ಪಾಡಿಗೆ ಹೋಗಿದ್ದ. ಇದು ಇಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು ಅಂದರು ಮೇಡಂ. ನನ್ನ ಬೆರಳು ಪುಟದ ತುಂಬ ಓಡಾಡಿತು, ಇಡಲು ಜಾಗ ಸಿಗಲಿಲ್ಲ. ನೀನು ಓದ್ತಾ ಇಲ್ಲಮ್ಮ, ಅವನ ಬಾಯಿಂದ ಮಾತು ಕಿತ್ಕೊಂಡು ನೀನೇ ಮುಗಿಸ್ತಾ ಇದೀಯ ಅಂದರು.

ಅಕ್ಕಾ, ಇದು ನಮ್ಮ ಮನೆಯ ಕಾಯಿಲೆಯಲ್ಲವೇ! ಅಮ್ಮ ಪ್ರಶ್ನೆಗೆ ಮೊದಲೇ ಉತ್ತರ ಕೊಡುತ್ತಾರೆ. ಅಪ್ಪನಂತೂ ಗಿರಾಕಿ ಬಾಯಿ ತೆರೆಯುವ ಮೊದಲೇ ಗೊತ್ತು ಬಿಡಿ ಅಂದುಬಿಡುತ್ತಾರೆ. ಅದೇ ವಾರ ಅಂಗಡಿಗೆ ಬಂದ ಯಾರೋ ಒಬ್ಬರು, ಇಲ್ಲಿ ಅಂತ ಶುರು ಮಾಡಿದ್ದಷ್ಟೇ. ಅಪ್ಪ ಅವರನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ತಲೆಗೆ ನೀರೂ ಚಿಮುಕಿಸಿದರು. ಪಾಪ, ಅವರು ಅಂಚೆ ಕಚೇರಿ ಎಲ್ಲಿ ಅಂತ ಕೇಳಲು ಬಂದವರು. ಒದ್ದೆ ತಲೆಯಲ್ಲೇ ಹೋದರು.

ಆವತ್ತೇ ತೀರ್ಮಾನ ಮಾಡಿದೆ. ಬೆಳಿಗ್ಗೆ ಓದು, ಸಂಜೆ ಅಪ್ಪ ಹಾಕಿಟ್ಟ ಅದೇ ಕುರ್ಚಿ. ಯಾರೇ ಬರಲಿ, ಪೂರ್ತಿ ಕೇಳಿಸಿಕೊಳ್ಳಬೇಕು, ಅವರು ಹೇಳಿದ್ದನ್ನು ಒಂದೇ ಮಾತಿನಲ್ಲಿ ಅವರಿಗೇ ತಿರುಗಿ ಹೇಳಬೇಕು, ನನ್ನದೇನೂ ಸೇರಿಸಬಾರದು. ಅವರು ಹೌದು ಅಂದ ಮೇಲೆಯೇ ಅಪ್ಪ ಕತ್ತರಿ ಹಿಡಿಯಬೇಕು. ಅಪ್ಪ ಮೊದಮೊದಲು ಉರಿದುಬಿದ್ದರು. ಇದೇನು ಅಂಗಡಿಯೋ ಕೋರ್ಟೋ ಅಂದರು. ಆಮೇಲೊಂದು ದಿನ ನಮ್ಮ ಹಳೆಯ ಗಿರಾಕಿ, ಬ್ಯಾಂಕಿನ ಕ್ಯಾಷಿಯರ್, ನಾನು ಕೇಳಿದಾಗ ಮೆಲ್ಲಗೆ ಬಾಯಿಬಿಟ್ಟರು: ನಂಗೆ ಮುಂದ್ಗಡೆ ಸ್ವಲ್ಪ ಉದ್ದಾನೇ ಬಿಡಬೇಕಿತ್ತಮ್ಮ, ಎಷ್ಟೋ ವರ್ಷದಿಂದ ಹೇಳೋಣ ಅಂದ್ಕೋತೀನಿ, ನಿಮ್ಮಪ್ಪ ಬಿಟ್ರೆ ತಾನೆ! ಕನ್ನಡಿಯಲ್ಲಿ ಅಪ್ಪನ ಮುಖ ನೀನು ನೋಡಬೇಕಿತ್ತು.

ಪುಸ್ತಕದಲ್ಲೂ ಹಾಗೇ ಮಾಡಿದೆ. ಒಂದು ಪ್ಯಾರಾ ಓದುವುದು, ಪುಸ್ತಕ ಮುಚ್ಚುವುದು, ಬರೆದವನು ಹೇಳಿದ್ದೇನು ಅಂತ ಅಮ್ಮನಿಗೆ ಹೇಳುವುದು. ಉತ್ತರ ಗುರುತಿಸುವ ಮೊದಲು ಆ ಸಾಲಿನ ಮೇಲೆ ಬೆರಳು. ಸಾಲು ಸಿಗಲಿಲ್ಲವೋ, ಉತ್ತರ ಎಷ್ಟೇ ಚೆಂದವಾಗಿರಲಿ, ಅದಕ್ಕೆ ಕೈಮುಗಿದು ಮುಂದಿನದಕ್ಕೆ ಹೋಗುವುದು. ಮೊದಲು ಹೊತ್ತು ಸಾಲುತ್ತಿರಲಿಲ್ಲ. ಬರಬರುತ್ತಾ ಬೆರಳು ತಾನಾಗಿಯೇ ಸಾಲು ಹುಡುಕತೊಡಗಿತು.

ಪರೀಕ್ಷೆಯ ತಮಾಷೆ ಕೇಳು. ಕೊನೆಯ ಪ್ಯಾರಾ ಯಾವುದರ ಬಗ್ಗೆ ಅಂತೀಯ? ಕೂದಲಿನ ಬಗ್ಗೆ! ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಅನ್ನುವುದು ಬರೀ ನಂಬಿಕೆ, ಮೊಂಡಾದ ತುದಿಯಿಂದ ಹಾಗೆ ಕಾಣುತ್ತದೆ ಅಷ್ಟೇ ಅಂತ ಬರೆದಿತ್ತು. ನಾನು ಹುಟ್ಟಿದಾಗಿನಿಂದ ಅಪ್ಪ ಅಂಗಡಿಯಲ್ಲಿ ಹೇಳಿಕೊಂಡು ಬಂದದ್ದಕ್ಕೆ ತದ್ವಿರುದ್ಧ. ದಟ್ಟವಾಗುತ್ತದೆ ಅನ್ನುವ ಉತ್ತರ ಮೊದಲನೆಯದಾಗಿಯೇ ಹಲ್ಲು ಕಿರಿಯುತ್ತಾ ಕೂತಿತ್ತು. ಹೋದ ವರ್ಷದ ನಾನಾಗಿದ್ದರೆ ಕಣ್ಣುಮುಚ್ಚಿ ಅದಕ್ಕೇ ಬೀಳುತ್ತಿದ್ದೆ. ಈ ಸಲ ಬೆರಳಿಟ್ಟೆ. ಸಾಲು ಸಿಕ್ಕಿತು. ಮನಸ್ಸಿನಲ್ಲೇ ಅಪ್ಪನ ಕ್ಷಮೆ ಕೇಳಿ ಸರಿ ಉತ್ತರ ಗುರುತಿಸಿದೆ. ಹೊರಗೆ ಬಂದಾಗ ಕುಣಿಯಬೇಕು ಅನ್ನಿಸಿತು, ಬಸ್ ನಿಲ್ದಾಣದಲ್ಲಿ ಸ್ವಲ್ಪ ಕುಣಿದೆ ಕೂಡ.

ಫಲಿತಾಂಶ ಬಂದಾಗ ಅಪ್ಪ ಕೆಲಸ ಅರ್ಧಕ್ಕೇ ಬಿಟ್ಟು ಬೀದಿಯವರಿಗೆಲ್ಲ ಕೂಗಿ ಹೇಳಿದರು. ಒಂದು ಗಲ್ಲಕ್ಕೆ ನೊರೆ ಇದ್ದ ಗಿರಾಕಿಯೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನೊಬ್ಬಳು ಇರಲಿಲ್ಲ. ನೀನಿದ್ದಿದ್ದರೆ ನನ್ನ ಖುಷಿ ಪೂರ್ತಿಯಾಗುತ್ತಿತ್ತು ಅಕ್ಕಾ, ಸುಳ್ಳೇಕೆ ಹೇಳಲಿ. ಮುಂದಿನ ತಿಂಗಳು ಕಾಲೇಜು ಶುರು.

ಇಂತಿ ನಿನ್ನ,
ಗಡಿಬಿಡಿ
(ಹೆಸರು ಇಟ್ಟವಳು ನೀನೇ, ಇನ್ನು ಬದಲಾಯಿಸುವವಳೂ ನೀನೇ)

ಮರೆತಿದ್ದೆ: ಎರಡು ವರ್ಷದ ಹಿಂದೆ ನೀನು ಅಂಗಡಿ ಬಾಗಿಲಲ್ಲಿ ನಿಂತು, ಅಪ್ಪಾ, ನಾನು ಅಂತ ಶುರು ಮಾಡಿದೆಯಲ್ಲ; ಅಪ್ಪ, ಮದುವೆ ವಿಷಯ ತಾನೆ, ಗೊತ್ತು, ಆಗಲ್ಲ ಅಂದರು; ನೀನು ಬ್ಯಾಗು ತೆಗೆದುಕೊಂಡು ಹೊರಟೇಹೋದೆ. ನೀನು ಹೇಳಬೇಕೆಂದಿದ್ದು ಏನು ಅಂತ ನಿನ್ನೆ ಅಪ್ಪ ನನ್ನನ್ನು ಕೇಳಿದರು. ನನಗೂ ಗೊತ್ತಿಲ್ಲ, ಊಹಿಸುವುದನ್ನು ಬಿಟ್ಟಿದ್ದೇನೆ ಅಂದೆ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅಪ್ಪ ಅಂದರು: ಅವಳನ್ನ ಬರೋಕೆ ಹೇಳು. ಆ ಮಾತು ಪೂರ್ತಿ ಮಾಡಲಿ. ಮುಗಿಯೋವರೆಗೂ ನಾನು ಬಾಯಿ ತೆಗೆಯಲ್ಲ. ಬಾಗಿಲ ಪಕ್ಕದ ಕುರ್ಚಿ ಈಗ ಖಾಲಿ ಇದೆ ಅಕ್ಕಾ. ಅಪ್ಪ ಇವತ್ತು ಬೆಳಿಗ್ಗೆ ಎದ್ದು ಅದನ್ನು ಒರೆಸುತ್ತಿದ್ದರು.