ಸಾಲ ಕೊಟ್ಟ ಮೂಗು

ಆಲಸನತ್ತಂ, ಹೊಸೂರು
12 ಫೆಬ್ರವರಿ 2025

ಪ್ರೀತಿಯ ಸುಷ್ಮಕ್ಕಾ,

ನೀನು ದೊಡ್ಡಮ್ಮ ಆಗ್ತಿದ್ದೀಯ! ಎರಡು ತಿಂಗಳು ಅಂದರು ಡಾಕ್ಟರ್. ಇಷ್ಟು ದಿನ ಸುಮ್ಮನಿದ್ದಳಲ್ಲ ಎಂದು ಬೈಯಬೇಡ. ಫೋನಿನಲ್ಲಿ ಹೇಳೋಣ ಎಂದರೆ ಈ ಮನೆಯಲ್ಲಿ ಪಿಸುಮಾತೂ ಅಡುಗೆಮನೆ ತನಕ ಕೇಳಿಸುತ್ತದೆ. ಮೇಲಾಗಿ ಇದರಲ್ಲೊಂದು ಗುಟ್ಟಿದೆ. ಭಾವನಿಗೂ ತೋರಿಸಬೇಡ. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ.

ಖುಷಿಯಾಗಿದ್ದೇನೆ ಅಕ್ಕಾ, ಪ್ರಾಮಿಸ್! ಆದರೆ ಎಷ್ಟು ಸುಸ್ತು ಗೊತ್ತಾ? ರಾಜೇಶ್ ಸ್ಪೇನಿನಲ್ಲಿ ಕಲಿತು ಬಂದ ವೈನ್ ಮಾಡುವ ಕೆಲಸ ನಿನಗೆ ಗೊತ್ತಲ್ಲ. ಟೆಂಪ್ರಾನಿಯೋ ಅಂತ ಅಲ್ಲಿಯ ಕಪ್ಪು ದ್ರಾಕ್ಷಿ, ಅದರ ವೈನನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಕ್ಕೂ ಮೇಲೆ ಮಲಗಿಸುತ್ತಾರೆ. ಮರದಿಂದ ಕೊಬ್ಬರಿ, ವೆನಿಲಾ ಪರಿಮಳ ಬರುತ್ತದೆ. ಹೆಚ್ಚಾದರೆ ಬಡಗಿ ಅಂಗಡಿಯ ವಾಸನೆ. ಯಾವುದು ಹದವಾಯಿತು, ಯಾವುದು ಕೆಡುತ್ತಿದೆ ಎಂದು ಮೂಗೇ ಹೇಳಬೇಕು. ಆ ಮೂಗೇ ಹೋಗಿದೆ ಅಕ್ಕಾ. ಮದುವೆಯಾದ ತಿಂಗಳಲ್ಲಿ ಬಂದ ಜ್ವರದಿಂದ ರಾಜೇಶ್‌ಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ವೈನರಿಯ ಮಾಲೀಕ ಶ್ರೀನಿವಾಸ್ ಅವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ.

ಅದಕ್ಕೆ ನಾನು! "ಹೆಂಡತಿಗೂ ಕಲಿಸ್ತಿದ್ದೀನಿ ಸರ್" ಎಂದು ದಿನಾ ಬೆಳಿಗ್ಗೆ ಕರೆದೊಯ್ಯುತ್ತಾರೆ. ನಾನು ಮೂಸಿ, ಮುಕ್ಕಳಿಸಿ ಉಗಿದು, ಅವರ ಕಿವಿಯಲ್ಲಿ ಹೇಳುತ್ತೇನೆ: "ಇದು ಕೊಬ್ಬರಿ ಮಿಠಾಯಿ. ಇದು ಒದ್ದೆ ಗೋಣಿಚೀಲ." ಅವರು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅದನ್ನೇ ದೊಡ್ಡ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳುತ್ತಾರೆ. ಮೊದಮೊದಲು ಎಷ್ಟು ರೊಮ್ಯಾಂಟಿಕ್ ಅನಿಸಿತ್ತು!

ಈ ಮೂಗಿಗಾಗಿ ಮಲ್ಲಿಗೆ ಮುಡಿಯುವಂತಿಲ್ಲ, ಪೌಡರ್ ಇಲ್ಲ, ಬೆಳಗಿನ ಕಾಫಿಯೂ ಇಲ್ಲ. ನಿನ್ನೆ ಅತ್ತೆ ಚೆನ್ನಮ್ಮನವರು ಪಕ್ಕದ ಮನೆಯ ನಾರಾಯಣಮ್ಮನ ಎದುರೇ, "ಹೊಸಾ ಮದ್ವಣಗಿತ್ತಿ ಕಣಮ್ಮ, ತಲೇಲಿ ಒಂದ್ ಮೊಳ ಹೂವಿಲ್ಲ. ಇಂಗ್ಲಿಷ್ ಮೀಡಿಯಮ್ಮಲ್ಲಿ ಹೂವು ಮುಡಿಯಾದು ಹೇಳ್ಕೊಡಲ್ವಾ?" ಎಂದರು.

"ಸಾರಾಯಿ ಕಾಯ್ಸೋಕೆ ಸೊಸೇನೂ ಕರ್ಕೊಂಡೋಯ್ತಾನಲ್ಲ ನಿನ್ ಮಗ, ಹೂವ್ ಯಾಕ್ ಬಿಡವ್ವ" ಎಂದು ನಾರಾಯಣಮ್ಮ ನಕ್ಕರು.

ಅತ್ತೆಗೆ ರೇಗಿತು. "ಸಾರಾಯಲ್ಲ ಕಣೆ, ದ್ರಾಕ್ಷಿ ರಸ. ವಸಿ ಹಳೇದು, ಅಷ್ಟೇಯ!"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಗಲೂ ಶಕ್ತಿ ಇರಲಿಲ್ಲ.

ಈಗ ಬಸಿರಿನ ಮೂಗು. ಪೀಪಾಯಿ ಕೋಣೆಯ ಬಾಗಿಲು ತೆಗೆದರೆ ಸಾಕು, ವಾಂತಿ. ಕೊಬ್ಬರಿ ಯಾವುದು, ಗೋಣಿ ಯಾವುದು ಒಂದೂ ತಿಳಿಯದು. ಮುಂದಿನ ವಾರ ಯಾವ್ಯಾವ ಪೀಪಾಯಿ ಬೆರೆಸಿ ಸೀಸೆಗೆ ತುಂಬಬೇಕು ಎಂದು ತೀರ್ಮಾನಿಸಬೇಕಂತೆ. ನನಗೆ ಬರೀ ಮಲಗಬೇಕು ಅನಿಸುತ್ತದೆ, ನಿನ್ನ ಪಕ್ಕದಲ್ಲಿ, ಫ್ಯಾನಿನ ಕೆಳಗೆ.

ಪುಟ್ಟಿಗೆ ನೂರು ಮುತ್ತು. ನೀನು ನನ್ನ ತಲೆ ಸವರಿ ಹರಸಿದೆ ಎಂದುಕೊಂಡು ಮುಗಿಸುತ್ತೇನೆ.

ನಿನ್ನ
ಮೇಘಶ್ರೀ

ತಾ.ಕ.: ಬೇಕೆಂದೇ ಬರೆಯದೆ ಬಿಟ್ಟದ್ದೊಂದಿದೆ. ಮಗುವಿನ ವಿಷಯ ಹೇಳಿದಾಗ ರಾಜೇಶ್ ಮೊದಲಿಗೆ, "ಹಾಗಾದ್ರೆ ಪೀಪಾಯಿಗಳನ್ನ ಯಾರು ಮೂಸ್ತಾರೆ?" ಎಂದರು. ಆಮೇಲೆ ಅಪ್ಪಿಕೊಂಡರು, ಸಿಹಿಯನ್ನೂ ತಂದರು. ಆದರೆ ಅದೆಲ್ಲ ಆಮೇಲೆ, ಅಕ್ಕಾ. ವಾಂತಿ ನಿಲ್ಲುವ ಮಾತ್ರೆಯನ್ನು ಈಗ ಅವರೇ ಹೊತ್ತುಹೊತ್ತಿಗೆ ಕೊಡುತ್ತಾರೆ. ಯಾರಿಗೋಸ್ಕರ ಎಂದು ಕೇಳಲು ನನಗೆ ಧೈರ್ಯ ಬಂದಿಲ್ಲ. ನಾನು ಹೊರಡುವುದು ಅವರಿಗಿನ್ನೂ ತಿಳಿಯದು. ಮೈಸೂರು ಸ್ಟೇಷನ್ನಿಗೆ ನೀನೊಬ್ಬಳೇ ಬಾ. ಈ ಭಾನುವಾರ ಬೆಳಿಗ್ಗೆ, ತೂತುಕುಡಿ–ಮೈಸೂರು ಎಕ್ಸ್‌ಪ್ರೆಸ್.